ಕರಿ ಗುಂಡು, ಬಿಳಿ ಗುಂಡು, ಕೆಂಪು ಗುಂಡು

ಅಣುಗಳ ಮಾದರಿ ಕಟ್ಟುವ ಕಿಟ್ ಕೈಯಲ್ಲಿ ಹಿಡಿದವರಿಗೆ ಅದರ ಬಣ್ಣಗಳು ನೆನಪಿರುತ್ತವೆ. ಕಪ್ಪು ಗುಂಡು ಇಂಗಾಲ, ಬಿಳಿಯದು ಜಲಜನಕ, ಕೆಂಪು ಆಮ್ಲಜನಕ, ನೀಲಿ ಸಾರಜನಕ, ಹಸಿರು ಕ್ಲೋರಿನ್. ಬೆಂಗಳೂರಿನಲ್ಲಿ ಕೊಂಡರೂ ಇದೇ, ಬರ್ಲಿನ್ನಿನಲ್ಲಿ ಕೊಂಡರೂ ಇದೇ. ಈ ಬಣ್ಣ ಹಚ್ಚಿದವರು ಯಾರು, ಯಾವಾಗ ಹಚ್ಚಿದರು ಅಂತ ಹುಡುಕುತ್ತಾ ಹೋದೆ. ಹುಡುಕಾಟ 1865ರ ಲಂಡನ್ನಿಗೆ ಹೋಗಿ, ಅಲ್ಲಿಂದ ಸುತ್ತಿ ಬಳಸಿ ನಮ್ಮ ಬೀದರ್ ಜಿಲ್ಲೆಯ ಶಾಲೆಗಳ ಚರಿತ್ರೆಗೆ ಬಂದು ನಿಂತಿತು. ಎತ್ತಣ ಲಂಡನ್, ಎತ್ತಣ ಬೀದರ್ ಅಂತೀರಾ? ಬರಹ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ :-)

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟ್ರಲ್ಲ. ಊರು ಹುಮನಾಬಾದ್, ಅಮ್ಮನ ತವರು ಬಸವಕಲ್ಯಾಣ. ರಜೆಗೆ ಹೋದಾಗ ಎರಡೂ ಮನೆಗಳ ಮಕ್ಕಳನ್ನು, ಜೊತೆಗೆ ಓಣಿಯ ಮಕ್ಕಳನ್ನೂ ಕೂಡಿಸಿಕೊಂಡು ಗುಂಡು ಕಡ್ಡಿ ಹಿಡಿದು ಕೂರುವುದು ಕೆಲವು ವರ್ಷಗಳಿಂದ ಅಂಟಿಕೊಂಡ ಹುಚ್ಚು. ಈ ಹುಚ್ಚಿಗೆ ಒಂದು ಕಾರಣವಿದೆ. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಮೂರು ತಲೆಮಾರಿನ ಕಥೆ ಹೇಳಬೇಕು.

ಒಂದು ಮನೆ, ಮೂರು ರಸಾಯನಶಾಸ್ತ್ರ

ನಮ್ಮ ಮುತ್ಯಾ (ನಮ್ಮ ಕಡೆ ಅಜ್ಜನನ್ನು ಹೀಗೇ ಕರೆಯುವುದು) ನಿಜಾಮರ ಕಾಲದಲ್ಲಿ ಓದಿದವರು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈಸ್ಕೂಲು ಅಂದರೆ ಉರ್ದು. 1917ರಲ್ಲಿ ಹೈದರಾಬಾದಿನಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಶುರುವಾಯಿತು, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ವಿಜ್ಞಾನ, ವೈದ್ಯ, ಕಾನೂನು ಎಲ್ಲವನ್ನೂ ಉರ್ದುವಿನಲ್ಲೇ ಕಲಿಸುತ್ತೇವೆ ಅಂತ ಹೊರಟ ವಿಶ್ವವಿದ್ಯಾಲಯ ಅದು. ಅದಕ್ಕೆ ಬೇಕಾದ ಪುಸ್ತಕಗಳನ್ನೂ ಶಬ್ದಗಳನ್ನೂ ಈ ಸಂಸ್ಥೆಯಲ್ಲಿ ಕೂತು ಸಿದ್ಧಮಾಡಿದರು. ಉರ್ದುವಿನಲ್ಲಿ ಪರಮಾಣು ಅಂದರೆ ಜೌಹರ್, ಅಣುವಿಗೆ ಸಾಲಿಮಾ, ಆಮ್ಲಕ್ಕೆ ತುರ್ಶಾ. ದೇಶದ ಬಹುಪಾಲು ಕಾಲೇಜುಗಳು ಇಂಗ್ಲಿಷಿಗೆ ಅಂಟಿಕೊಂಡಿದ್ದ ಕಾಲದಲ್ಲಿ ಅದು ಸಣ್ಣ ಸಾಹಸವಲ್ಲ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತಿದ್ದ ಕಲ್ಯಾಣದ ಹುಡುಗನಿಗೆ ಆ ಉರ್ದುವೂ ಶಾಲೆಗೆ ಹೋಗಿ ಕಲಿಯಬೇಕಾದ ಭಾಷೆಯೇ ಆಗಿತ್ತು.

ಸ್ವಾರಸ್ಯ ನೋಡಿ, ಅದೇ 1918ರಲ್ಲಿ ಇತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. ಒಂದೇ ವರ್ಷ, ಎರಡು ರಾಜಧಾನಿ, ಎರಡು ಭಾಷೆ, ಆಸೆ ಮಾತ್ರ ಒಂದೇ. ಪತ್ರಿಕೆ ಎರಡೇ ವರ್ಷಕ್ಕೆ ನಿಂತಿತು. ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸ ನಿಲ್ಲಲಿಲ್ಲ. ನಮ್ಮ ಜಿಲ್ಲೆಗೆ ಆ ಕನ್ನಡ ಬಂದು ಮುಟ್ಟಲು ಮಾತ್ರ ಬಹಳ ಕಾಲ ಹಿಡಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಹಳೇ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಉದಗೀರ, ನಿಲಂಗಾ ಕಡೆಯದು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ಉಳಿದ ನಾವು ಮೈಸೂರಿಗೆ. ಅಪ್ಪ ಅದೇ ಹೊಸ ಕನ್ನಡ ಪುಸ್ತಕಗಳಲ್ಲಿ ಓದಿದರು. ಮುತ್ಯಾನ ತುರ್ಶಾ ಅಪ್ಪನಿಗೆ ಆಮ್ಲವಾಯಿತು.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ, ಪಿಯುಸಿಗೆ ಇಂಗ್ಲಿಷ್. ಜೂನ್ ತಿಂಗಳ ಒಂದು ಬೆಳಗ್ಗೆ ಆಮ್ಲಜನಕ ಆಕ್ಸಿಜನ್ ಆಯಿತು, ಇಂಗಾಲ ಕಾರ್ಬನ್ ಆಯಿತು, ವೇಲೆನ್ಸಿ ಅಂದರೆ ನಮಗೆ ಗೊತ್ತಿದ್ದ ಸಂಯೋಗ ಸಾಮರ್ಥ್ಯವೇ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳಲ್ಲೇ ನನ್ನ ಬೆಂಚಿನ ಇಬ್ಬರು ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋದರು. ದಡ್ಡರಾಗಿರಲಿಲ್ಲ ಅವರು. ಹತ್ತನೇ ಕ್ಲಾಸಿನಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರು. ಕಲಿತದ್ದೆಲ್ಲ ಶಬ್ದದ ರೂಪದಲ್ಲಿ ಮಾತ್ರ ಇತ್ತು. ಶಬ್ದ ಬದಲಾದ ದಿನ ಕಲಿತದ್ದೂ ಹೋಯಿತು. ಅಷ್ಟೇ.

ಬಸವಕಲ್ಯಾಣದಲ್ಲಿ ಇನ್ನೊಂದು ತಮಾಷೆ ಇದೆ. ಅಲ್ಲಿ ಮರಾಠಿ ಮನೆಮಾತಿನ ಮಕ್ಕಳು ಬೇಕಾದಷ್ಟು. ಕನ್ನಡದಲ್ಲಿ ಅಣು ಅಂದರೆ ಮಾಲಿಕ್ಯೂಲ್, ಪರಮಾಣು ಅಂದರೆ ಆಟಂ. ಮರಾಠಿಯಲ್ಲಿ ಅಣು ಅಂದರೆ ಆಟಂ, ಮಾಲಿಕ್ಯೂಲಿಗೆ ರೇಣು! ಒಂದೇ ಶಬ್ದ, ಒಂದೇ ಉಚ್ಚಾರ, ಅರ್ಥ ಬೇರೆ. ಕನ್ನಡ ಶಾಲೆಯ ಹುಡುಗಿ ಮತ್ತು ಮರಾಠಿ ಶಾಲೆಯ ಹುಡುಗ ಒಂದೇ ಕಟ್ಟೆಯ ಮೇಲೆ ಕೂತು ಅಣುವಿನ ಬಗ್ಗೆ ಜಗಳ ಆಡಿದರೆ ಇಬ್ಬರೂ ಸರಿಯೇ. ಒಂದು ಕೆಂಪು ಗುಂಡಿಗೆ ಎರಡು ಬಿಳಿ ಗುಂಡು ಚುಚ್ಚಿ ನಡುವೆ ಇಟ್ಟರೆ ಮಾತ್ರ ಜಗಳ ಮುಗಿಯುತ್ತದೆ. ಆ ಗುಂಡುಗಳಿಗೆ ಶಾಲೆಯ ಭಾಷೆ ಇಲ್ಲ.

ಕ್ರೊಕೆ ಚೆಂಡಿನಿಂದ ಶುರು

ಈಗ ಗುಂಡುಗಳ ಕಥೆಗೆ ಬರೋಣ. ಪರಮಾಣು ವಾದವನ್ನು ಮುಂದಿಟ್ಟ ಜಾನ್ ಡಾಲ್ಟನ್ ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿಕೊಂಡು ಬದುಕಿದವನು. 1810ರ ಸುಮಾರಿಗೆ ಅವನ ಗೆಳೆಯ, ಎಂಜಿನಿಯರ್ ಪೀಟರ್ ಯೂವರ್ಟ್, ತೂತು ಕೊರೆದ ಮರದ ಗುಂಡುಗಳನ್ನು ಮಾಡಿಸಿಕೊಟ್ಟ. ಅಂದರೆ ಪರಮಾಣು ವಾದ ಮತ್ತು ಪಾಠದ ಗುಂಡು ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಆದರೆ ಡಾಲ್ಟನ್ನನ ನೀರಿನಲ್ಲಿ ಒಂದು ಜಲಜನಕ, ಒಂದು ಆಮ್ಲಜನಕ ಮಾತ್ರ ಇದ್ದವು. ಎಚ್‌ಟುಓ ಅಂತ ಎಲ್ಲರೂ ಒಪ್ಪಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಬಣ್ಣಗಳು ಬಂದದ್ದು 1865ರ ಏಪ್ರಿಲ್ 7ರ ಸಂಜೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಸಾರ್ವಜನಿಕರಿಗೆ ಒಂದು ಉಪನ್ಯಾಸ ಕೊಟ್ಟ. ವಿಷಯ, ಪರಮಾಣುಗಳು ಕೂಡುವ ಶಕ್ತಿ. ಆಗ ಇಂಗ್ಲೆಂಡಿನ ಶ್ರೀಮಂತರ ಹುಲ್ಲುಹಾಸಿನ ಮೇಲೆ ಕ್ರೊಕೆ ಆಟದ ಹುಚ್ಚು. ಹಾಫ್‌ಮನ್ ಆ ಆಟದ ಮರದ ಚೆಂಡುಗಳನ್ನೇ ತೆಗೆದುಕೊಂಡು, ಬಣ್ಣ ಬಳಿದು, ಲೋಹದ ಕಡ್ಡಿ ಸಿಕ್ಕಿಸಿ ಮೇಜಿನ ಮೇಲಿಟ್ಟ. ಇಂಗಾಲ ಕಪ್ಪು (ಇದ್ದಿಲಿನ ಬಣ್ಣ), ಜಲಜನಕ ಬಿಳಿ, ಸಾರಜನಕ ನೀಲಿ, ಆಮ್ಲಜನಕ ಕೆಂಪು, ಕ್ಲೋರಿನ್ ಹಸಿರು. ಆ ಒಂದು ಸಂಜೆಯ ಅನುಕೂಲಕ್ಕೆ ಬಳಿದ ಬಣ್ಣ ಇವತ್ತಿಗೂ ಉಳಿದಿದೆ. 1953ರಲ್ಲಿ ಕೋರಿ ಮತ್ತು ಪಾಲಿಂಗ್ ಮಾಡಿದ, 1965ರಲ್ಲಿ ಕೋಲ್ಟನ್ ತಿದ್ದಿದ ಮಾದರಿಗಳೂ ಹೆಚ್ಚುಕಡಿಮೆ ಇದೇ ಬಣ್ಣ ಹಿಡಿದವು. ಕಂಪ್ಯೂಟರಿನ ಪರದೆಯ ಮೇಲೂ ಆಮ್ಲಜನಕ ಕೆಂಪೇ.

ಎಡಿನ್‌ಬರೋದ ಅಲೆಕ್ಸಾಂಡರ್ ಕ್ರಂ ಬ್ರೌನ್ ಇನ್ನೂ ಸರಳ ಮನುಷ್ಯ. 1883ರಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ ಮತ್ತು ಉಣ್ಣೆಯ ಉಂಡೆಗಳಿಂದ ಅಡಿಗೆ ಉಪ್ಪಿನ ಮಾದರಿ ಮಾಡಿದ್ದ. ಉಪ್ಪಿನೊಳಗಿನ ಜೋಡಣೆ ಹಾಗೇ ಇದೆ ಅಂತ ಕ್ಷಕಿರಣಗಳಿಂದ ಖಚಿತವಾದದ್ದು ಮೂವತ್ತು ವರ್ಷಗಳ ನಂತರ.

ಹುಣಸೆಹುಳಿಯ ಎಡಬಲ

ಹಾಫ್‌ಮನ್ನನ ಮಾದರಿಯಲ್ಲಿ ಒಂದು ಕೊರತೆ ಇತ್ತು. ಇಂಗಾಲದ ನಾಲ್ಕು ಕೈಗಳೂ ನೆಲಕ್ಕೆ ಹಾಸಿದ ಶಿಲುಬೆಯ ಹಾಗೆ ಚಪ್ಪಟೆ. ಅದು ಎದ್ದು ನಿಂತದ್ದು ಹೇಗೆ ಅನ್ನುವುದಕ್ಕೆ ಹುಣಸೆಹುಳಿಯ ಕಡೆ ಹೋಗಬೇಕು.

ಹುಣಸೆಹಣ್ಣಿಗೆ ಹುಳಿ ಕೊಡುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ ಕೂರುವ ಗಟ್ಟಿಯೂ ಅದರದ್ದೇ ಲವಣ. 1848ರಲ್ಲಿ 25 ವರ್ಷದ ಲೂಯಿ ಪಾಶ್ಚರ್ ಇದೇ ಆಮ್ಲದ ಒಂದು ಬಗೆಯಿಂದ ಮಾಡಿದ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಚಿಮಟದಿಂದ ಆರಿಸಿ ಎರಡು ಗುಂಪು ಮಾಡಿದ. ಒಂದು ಗುಂಪು ಇನ್ನೊಂದರ ಕನ್ನಡಿಯ ಬಿಂಬ. ಎರಡರಲ್ಲೂ ಇರುವ ವಸ್ತು ಅಷ್ಟೇ, ಬೆಳಕನ್ನು ತಿರುಗಿಸುವುದು ಮಾತ್ರ ಒಂದು ಎಡಕ್ಕೆ, ಒಂದು ಬಲಕ್ಕೆ. ಯಾಕೆ ಅನ್ನುವುದು ತಿಳಿಯಲು 26 ವರ್ಷ ಬೇಕಾಯಿತು. 1874ರಲ್ಲಿ ಡಚ್ ಹುಡುಗ ವಾಂಟ್ ಹಾಫ್ (ವಯಸ್ಸು 22), ಅದೇ ವರ್ಷ ಬೇರೆಯಾಗಿಯೇ ಫ್ರಾನ್ಸಿನ ಲ ಬೆಲ್, ಇಂಗಾಲದ ನಾಲ್ಕು ಕೈಗಳು ನಾಲ್ಕು ಮೂಲೆಗೆ ಚಾಚಿವೆ ಅಂದರು. ಅಂದರೆ ನೆಗ್ಗಿಲು ಮುಳ್ಳಿನ ಹಾಗೆ. ಹೇಗೆ ಒಗೆದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದಲ್ಲ, ಹಾಗೆ. ಎರಡೆರಡು ಕೈಗಳ ನಡುವೆ 109.5 ಡಿಗ್ರಿ. ನಾಲ್ಕು ಕೈಗೂ ಬೇರೆ ಬೇರೆ ಬಣ್ಣದ ಗುಂಡು ಸಿಕ್ಕಿಸಿದರೆ ಎರಡು ರೀತಿಯಲ್ಲಿ ಮಾತ್ರ ಸಿಕ್ಕಿಸಬಹುದು. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದಂತೆ.

ವಾಂಟ್ ಹಾಫ್ ಏನು ಮಾಡಿದ ಗೊತ್ತಾ? ರಟ್ಟು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಪುಟ್ಟ ಪುಟ್ಟ ನಾಲ್ಕು ಮುಖದ ಗೋಪುರಗಳನ್ನು ಮಾಡಿ ಯುರೋಪಿನ ದೊಡ್ಡ ವಿಜ್ಞಾನಿಗಳಿಗೆ ಕಳಿಸಿಕೊಟ್ಟ. ಮಕ್ಕಳಾಟ ಅಂತ ನಕ್ಕವರಿದ್ದರು. ಜರ್ಮನಿಯ ಹಿರಿಯ ರಸಾಯನ ವಿಜ್ಞಾನಿ ಕೋಲ್ಬೆ 1877ರಲ್ಲಿ, ದನಕರುಗಳ ವೈದ್ಯ ಕಾಲೇಜಿನ ಈ ಹುಡುಗನಿಗೆ ನಿಜವಾದ ಪ್ರಯೋಗ ಮಾಡಲು ಮನಸ್ಸಿಲ್ಲ ಅಂತ ಅಚ್ಚಿನಲ್ಲೇ ಹಂಗಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ಇದೇ ವಾಂಟ್ ಹಾಫ್‌ಗೆ. (ಅದು ಬೇರೆ ಕೆಲಸಕ್ಕೆ, ಆ ಮಾತು ಬೇರೆ.)

ಆಮೇಲೂ ಇದೇ ಕಥೆ. 1948ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಗಡಿಯಾಗಿ ಹಾಸಿಗೆ ಹಿಡಿದಿದ್ದ ಪಾಲಿಂಗ್ ಕಾಗದದ ಪಟ್ಟಿಯನ್ನು ಮಡಚುತ್ತಾ ಪ್ರೋಟೀನಿನ ಸುರುಳಿಯನ್ನು ಕಂಡ. 1953ರಲ್ಲಿ ವಾಟ್ಸನ್ ಡಿಎನ್‌ಎಯ ತುಣುಕುಗಳನ್ನು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಿದ. 1954ರಲ್ಲಿ ನಮ್ಮ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, ಚರ್ಮ ಮೂಳೆಗಳಲ್ಲಿರುವ ಕೊಲಾಜೆನ್ ಮೂರು ಎಳೆಯ ಹುರಿ ಅಂತ ತೋರಿಸಿದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇದಕ್ಕೇ ಒಂದು ವಿಭಾಗ ಕಟ್ಟಿದರು. ದೊಡ್ಡವರು ಕೈಯಿಂದ ಮಾಡಿ ನೋಡಿ ತಿಳಿದುಕೊಂಡದ್ದನ್ನು ಮಕ್ಕಳಿಗೆ ಮಾತ್ರ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿ ಅಂತೀವಿ!

ಅಲ್ಮಾರಿಯೊಳಗಿನ ಪೆಟ್ಟಿಗೆ

ನಾನು ಓದಿದ ಶಾಲೆಯಲ್ಲೂ ಗುಂಡುಗಳ ಪೆಟ್ಟಿಗೆಯೊಂದಿತ್ತು. ಯಾವ ಶಾಲೆ ಅಂತ ಕೇಳಬೇಡಿ. ಅಲ್ಮಾರಿಯ ಗಾಜಿನ ಹಿಂದೆ, ಬೀಗದೊಳಗೆ. ಒಂದು ಗುಂಡು ಕಳೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಕೊಡಬೇಕಲ್ಲ! ಹತ್ತನೇ ಕ್ಲಾಸು ಮುಗಿಯುವವರೆಗೂ ಅದನ್ನು ಮುಟ್ಟಿದವರಿಲ್ಲ. ಇದು ಒಂದು ಶಾಲೆಯ ಮಾತಲ್ಲ ಅಂತ ನಿಮಗೂ ಗೊತ್ತು. ಎನ್‌ಸಿಇಆರ್‌ಟಿಯವರು ಅಣು ಮಾದರಿಯ ಕಿಟ್ಟನ್ನೇ ತಯಾರಿಸಿದ್ದಾರೆ. ಕಿಟ್ ಇರುವುದು ಬೇರೆ, ಅದು ಮಗುವಿನ ಕೈಗೆ ಬರುವುದು ಬೇರೆ.

ಇದಕ್ಕೆ ಉತ್ತರ ಹುಡುಕಿದವರು ನಮ್ಮಲ್ಲೇ ಇದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹಳ್ಳಿ ಶಾಲೆಗಳಿಗಾಗಿ ಮಾಡಿ ಕಲಿಯುವ ವಿಜ್ಞಾನದ ಕಾರ್ಯಕ್ರಮವೊಂದು ಶುರುವಾಯಿತು. 2002ರವರೆಗೆ ನಡೆಯಿತು. 1978ರಲ್ಲಿ ಪುಣೆಯ ಟೆಲ್ಕೋದಿಂದ ರಜೆ ಹಾಕಿ ಅಲ್ಲಿಗೆ ಹೋದ ಎಂಜಿನಿಯರ್ ಅರವಿಂದ ಗುಪ್ತಾ, ಸೈಕಲ್ಲಿನ ವಾಲ್‌ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಘನ, ಗೋಪುರ ಎಲ್ಲ ಕಟ್ಟುವುದನ್ನು ಕಂಡುಹಿಡಿದರು. ಕಳೆದರೂ ಲೆಕ್ಕ ಕೊಡಬೇಕಿಲ್ಲದ ಸಾಮಾನು ಅದು. ಅದೇ ಅದರ ದೊಡ್ಡ ಗುಣ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯೂ ಇಂಥದ್ದನ್ನೇ ಕನ್ನಡದ ಮಕ್ಕಳಿಗೆ ಹೇಳುತ್ತಾ ಬಂದಿದೆ.

ಮಾದರಿ ಮಾಡುವುದು ಕಲ್ಯಾಣಕ್ಕೇನೂ ಹೊಸದಲ್ಲ. ಇಲ್ಲಿಂದ ಆಳಿದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ವಿಧಾನ ಇದೆ. ಮೊದಲು ಮೇಣದಲ್ಲಿ ಮಾದರಿ, ಅದರ ಮೇಲೆ ಮಣ್ಣು, ಮೇಣ ಕರಗಿಸಿ ತೆಗೆದು ಲೋಹ. ಮೇಣದ ತೂಕಕ್ಕೆ ಯಾವ ಲೋಹ ಎಷ್ಟು ಪಟ್ಟು ಬೇಕು ಅನ್ನುವ ಲೆಕ್ಕವೂ ಇದೆ.

ನಮ್ಮ ಮಣ್ಣಿನ ಕಿಟ್

ನಮ್ಮ ಕಿಟ್ಟಿಗೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಬಸವಕಲ್ಯಾಣದ ಹೊಲಗಳ ಎರೆಮಣ್ಣು ಕಪ್ಪು, ಅದು ಇಂಗಾಲ. ಹುಮನಾಬಾದ್ ಬೀದರ್ ದಿನ್ನೆಯ ಮಣ್ಣು ಕೆಂಪು, ಅದು ಆಮ್ಲಜನಕ. ಆ ಮಣ್ಣಿಗೆ ಕೆಂಪು ಬಂದದ್ದು ಕಬ್ಬಿಣ ಆಮ್ಲಜನಕದೊಡನೆ ಕೂಡಿದ್ದರಿಂದಲೇ! ಬಿಳಿಜೋಳದ ಹಿಟ್ಟಿನ ಸಣ್ಣ ಉಂಡೆ ಜಲಜನಕ. ಅದೇ ಹಿಟ್ಟಿಗೆ ಬಟ್ಟೆಗೆ ಹಾಕುವ ನೀಲಿ ಕಲೆಸಿದರೆ ಸಾರಜನಕ. ನೆನೆಸಿದ ಹಸಿರು ಬಟಾಣಿ ಕ್ಲೋರಿನ್. ಕಸಬರಿಗೆಯ ಕಡ್ಡಿಗಳೇ ಬಂಧಗಳು. ಎರಡು ಬಂಧ ಬೇಕಾದಲ್ಲಿ ಬಾಗುವ ವಾಲ್‌ಟ್ಯೂಬ್. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಸ್ವಲ್ಪ ಬೂದಿ ಕಲೆಸಬೇಕು. ಕಡ್ಡಿಯನ್ನು ಹಸಿ ಇದ್ದಾಗಲೇ ಚುಚ್ಚಬೇಕು.

ಮೊದಲು ನೀರು. ಆಮೇಲೆ ಇಂಗಾಲದ ಡೈಆಕ್ಸೈಡ್. ಎರಡರಲ್ಲೂ ಮೂರೇ ಗುಂಡು, ಬೋರ್ಡಿನ ಮೇಲೆ ಎರಡೂ ಒಂದೇ ಥರ. ಆದರೆ ನೀರು ಬಾಗಿದೆ, 104.5 ಡಿಗ್ರಿ. ಇನ್ನೊಂದು ನೆಟ್ಟಗಿದೆ. ಬಸವಕಲ್ಯಾಣದಲ್ಲಿ ಒಬ್ಬಳು ಕೇಳಿದಳು, "ಮಾಮಾ, ನೀರು ಯಾಕ ಸೊಟ್ಟ ಅದ? ಬೋರ್ಡ್ ಮ್ಯಾಲ ಸೀದಾ ಬರೀತಾರಲ್ಲ?" ಆಮ್ಲಜನಕದ ಹತ್ತಿರ ಬೇರೆ ಯಾರಿಗೂ ಕೊಡದ ಎರಡು ಜೊತೆ ಎಲೆಕ್ಟ್ರಾನು ಇವೆ, ಅವೂ ಜಾಗ ಕೇಳುತ್ತವೆ, ಬಿಳಿ ಗುಂಡುಗಳನ್ನು ಒಂದು ಕಡೆ ಒತ್ತುತ್ತವೆ ಅಂದೆ. ಸೊಟ್ಟಗಿರುವುದರಿಂದಲೇ ನೀರಿನ ಒಂದು ತುದಿ ಧನ, ಒಂದು ತುದಿ ಋಣ. ಅದಕ್ಕೇ ಉಪ್ಪು ಕರಗುವುದು.

ಆಮೇಲೆ ಗೋಬರ್ ಗ್ಯಾಸಿನ ಮೀಥೇನ್. ಒಂದು ಕರಿ, ನಾಲ್ಕು ಬಿಳಿ, ನೆಗ್ಗಿಲು ಮುಳ್ಳಿನ ಆಕಾರ. ಕರಿ ಗುಂಡು ತೆಗೆದು ನೀಲಿ ಇಟ್ಟರೆ ಅಮೋನಿಯಂ. ಪಕ್ಕದಲ್ಲಿ ಒಂದು ಬಟಾಣಿ ಇಡಿ, ನವಸಾಗರ ಆಯಿತು. ಬೀದರಿನ ಬಿದರಿ ಕೆಲಸದವರು ಕೋಟೆಯ ಮಣ್ಣಿಗೆ ಇದೇ ನವಸಾಗರ ಕಲೆಸಿ ತಾನೇ ಸತು ತಾಮ್ರದ ಪಾತ್ರೆಗೆ ಹಚ್ಚುವುದು? ಪಾತ್ರೆ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತದೆ.

ಹೈಡ್ರೋಕ್ಲೋರಿಕ್ ಆಮ್ಲ ಮಾಡಿದಾಗ ಇನ್ನೊಬ್ಬನ ಪ್ರಶ್ನೆ, "ಆಮ್ಲ ಅಂದ್ರಿ, ಇದರಾಗ ಆಮ್ಲಜನಕ ಎಲ್ಲದ?" ಒಂದು ಬಿಳಿ, ಒಂದು ಹಸಿರು, ಕೆಂಪು ಇಲ್ಲವೇ ಇಲ್ಲ. ಎಂಥ ಒಳ್ಳೆ ಪ್ರಶ್ನೆ ನೋಡಿ! ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಕಾರಣ ಅಂತ ನಂಬಿ ಲವಾಸಿಯೇ ಹಾಗೆ ಹೆಸರಿಟ್ಟ, 1810ರಲ್ಲಿ ಡೇವಿ ಅದು ತಪ್ಪು ಅಂತ ತೋರಿಸಿದ. ನಮ್ಮ 'ಆಮ್ಲಜನಕ' ಆ ಹಳೇ ನಂಬಿಕೆಯ ನೇರ ಅನುವಾದ. ಇನ್ನೂರು ವರ್ಷ ಹಳೆಯ ವಾದವನ್ನು ಹುಮನಾಬಾದಿನ ಏಳನೇ ಕ್ಲಾಸಿನ ಹುಡುಗ ಮಣ್ಣುಗುಂಡು ನೋಡಿ ಹಿಡಿದುಬಿಟ್ಟ.

ಮಾದರಿಗೂ ಮಿತಿ ಇದೆ, ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಪರಮಾಣುವಿಗೆ ಬಣ್ಣ ಇಲ್ಲ. ನಡುವೆ ಕಡ್ಡಿ ಇಲ್ಲ. ನಾವು 5 ಸೆಂಟಿಮೀಟರ್ ಮಾಡುವ ಬಂಧ ನಿಜಕ್ಕಿಂತ ಸುಮಾರು 50 ಕೋಟಿ ಪಟ್ಟು ದೊಡ್ಡದು. ಅಷ್ಟೇ ಪಟ್ಟು ಹಿಗ್ಗಿಸಿದರೆ 4 ಮಿಲಿಮೀಟರಿನ ಒಂದು ಜೋಳದ ಕಾಳು 2000 ಕಿಲೋಮೀಟರ್ ಅಗಲ ಆಗುತ್ತದೆ!

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಅಲ್ಲಿಗೆ ಕೆಲಸಕ್ಕೆ ಹೋಗುವವರ ಮಕ್ಕಳೂ ನಮ್ಮ ಜೊತೆ ಕೂರುತ್ತಾರೆ. ಅಪ್ಪನ ಅಂಗಿಯಲ್ಲಿ ಬರುವ ವಾಸನೆಗೂ ಒಂದು ಆಕಾರ ಇದೆ, ಅದನ್ನು ಕೈಯಲ್ಲಿ ಹಿಡಿದು ನೋಡಬಹುದು, ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಬಹುದು ಅಂತ ಆ ಮಕ್ಕಳಿಗೆ ಅನ್ನಿಸಬೇಕು. ಆ ಕಾರ್ಖಾನೆಗಳಲ್ಲಿ ಗೇಟಿನ ಹೊರಗಷ್ಟೇ ನಿಲ್ಲದೆ ಒಳಗಿನ ಲ್ಯಾಬಿಗೂ ನಮ್ಮ ಮಕ್ಕಳು ಹೋಗಬೇಕು. 2013ರಿಂದ 371ಜೆ ಮೀಸಲಾತಿ ಬಂದಿದೆ, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಗಿದೆ. ಬಾಗಿಲು ತೆರೆದಿದೆ, ಸರಿ. ಆದರೆ ಪಿಯುಸಿಯ ಮೊದಲ ಜೂನಿನಲ್ಲೇ ಸೈನ್ಸ್ ಬಿಟ್ಟ ಹುಡುಗಿ ಆ ಬಾಗಿಲವರೆಗೂ ಬರುವುದಿಲ್ಲ.

ನಮ್ಮ ನಾಡಿನಲ್ಲಿ ಸರಕಾರ ಬದಲಾದ ಹಾಗೆ ಶಾಲೆಯ ಭಾಷೆ ಬದಲಾಯಿತು. ಮುಂದೆಯೂ ಬದಲಾಗಬಹುದು. ಅದು ನಮ್ಮ ನಿಮ್ಮ ಕೈಯಲ್ಲಿಲ್ಲ. ಜೌಹರ್, ಪರಮಾಣು, ಆಟಂ, ಮರಾಠಿಯ ಅಣು... ಯಾವ ಶಬ್ದ ಬಂದರೂ "ಓ, ಆ ಗುಂಡಾ!" ಅನ್ನುವ ಹಾಗೆ ಮಗುವಿನ ಬೆರಳಿಗೆ ನೆನಪಿದ್ದರೆ ಸಾಕು. ಕನ್ನಡದಲ್ಲೇ ಕಲಿಸಿ, ಚೆನ್ನಾಗಿ ಕಲಿಸಿ. ಜೊತೆಗೆ ಒಂದು ಹಿಡಿ ಮಣ್ಣು, ನಾಲ್ಕು ಕಸಬರಿಗೆ ಕಡ್ಡಿ ಇಟ್ಟುಕೊಳ್ಳಿ.

ನಿಮ್ಮ ಶಾಲೆಯ ಅಲ್ಮಾರಿಯಲ್ಲೂ ಇಂಥ ಪೆಟ್ಟಿಗೆ ಇತ್ತಾ? ಕರಾವಳಿಯವರು, ಮಲೆನಾಡಿನವರು, ನಿಮ್ಮೂರ ಮಣ್ಣಲ್ಲಿ ಇಂಗಾಲಕ್ಕೆ ಕಪ್ಪು ಎಲ್ಲಿಂದ ತರುತ್ತೀರಿ? ಗೇರುಬೀಜದ ಸಿಪ್ಪೆ ಸುಟ್ಟ ಮಸಿ ಆದೀತಾ? ಮಾಡಿ ನೋಡಿ, ಬರೆದು ತಿಳಿಸಿ.